ಹಾಲೂಡುವವಳಿಗೆ ಬಂದ ಅಪ್ಪಣೆ

"ಗುರುಗಳೇ, ಮದ್ದನ್ನು ಇನ್ನೂ ಹೆಚ್ಚಿಸಲೇ?" ಎಂದು ಶಿಷ್ಯೆ ವಾರಿಜಾಕ್ಷಿ ಕೇಳಿದಳು.

ಅವಳು ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ವೈದ್ಯೆ. ಒಬ್ಬ ಹೆಂಗಸಿಗೆ ಮೂರು ತಿಂಗಳು ಹಾರ್ಮೋನು ಚುಚ್ಚಿದ್ದಳು. ಪ್ರತಿ ತಿಂಗಳೂ ಪ್ರಮಾಣ ಏರಿಸಿದ್ದಳು. ಅಂಡ ಬೆಳೆದಿರಲಿಲ್ಲ. ಹಾರ್ಮೋನು ಅಂಡವನ್ನು ತಾನೇ ಬೆಳೆಸುವುದಿಲ್ಲ. ಸುತ್ತಲಿನ ಜೀವಕೋಶಗಳಿಗೆ ಅಪ್ಪಣೆ ಮುಟ್ಟಿಸುತ್ತದೆ. ಅವು ತಮ್ಮೊಳಗಿನ ಜೀನ್ ತೆರೆದು, ಬೆಳೆಸುವ ಸತ್ವ ತಯಾರಿಸಿ, ಅಂಡಕ್ಕೆ ಊಡಬೇಕು. ಇದನ್ನು ಅವಳಿಗೆ ಕಲಿಸಿದವರೇ ಈ ಗುರುಗಳು.

"ಅಪ್ಪಣೆ ಮುಟ್ಟುತ್ತಿದೆ, ಜೀನ್ ತೆರೆಯುತ್ತಿಲ್ಲ. ಆ ಹೆಂಗಸಿಗೆ ಇದು ಕೊನೆಯ ಸಲ" ಎಂದಳು.

ಗುರುಗಳು ಹೇಳಿದರು: "ನಾನು ಕಣ್ಣಾರೆ ಕಂಡ ಸಂಗತಿ ಕೇಳು. ಆಗ ನಾನಿನ್ನೂ ಹುಟ್ಟಿರಲಿಲ್ಲ.

"ಒಬ್ಬ ವ್ಯಾಪಾರಿಯ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಮಗು ಉಳಿಯಿತು. ಹಸುವಿನ ಹಾಲನ್ನು ಅದು ಬಾಯಿಗೇ ಸೇರಿಸಲಿಲ್ಲ. ತನ್ನ ಕೂಸನ್ನು ಮಣ್ಣು ಮಾಡಿ ಬಂದಿದ್ದ ಒಬ್ಬ ಹೆಂಗಸನ್ನು ಹಾಲೂಡಲು ಇರಿಸಿ ಅವನು ದೂರದೂರಿಗೆ ಹೋದ.

"ಮಗು ಸೊರಗಿದೆಯೆಂದು ದಾರಿಹೋಕರಿಂದ ವ್ಯಾಪಾರಿಗೆ ಸುದ್ದಿ ತಿಳಿಯಿತು. ಒಬ್ಬ ಆಳನ್ನು ಅಟ್ಟಿದ. ಮಗುವಿಗೆ ಹಾಲು ಕುಡಿಸಬೇಕಂತೆ ಎಂದು ಆ ಆಳು ಹೇಳಿ ಹೋದ. ಅವಳು ತಲೆಯಾಡಿಸಿದಳು. ಮಗು ಇನ್ನೂ ಸೊರಗಿತು. ಇಬ್ಬರನ್ನು ಅಟ್ಟಿದ. ಆಮೇಲೆ ದಿನಕ್ಕೊಬ್ಬ ಬಂದು ಬಾಗಿಲಲ್ಲಿ ನಿಂತು ಕೂಗಿ ಹೋದ. ಕೂಗಿಗೆ ಮಗು ಬೆಚ್ಚಿತು, ಅಷ್ಟೇ. ವ್ಯಾಪಾರಿ ತಾನೇ ಬಂದಾಗ ತೊಟ್ಟಿಲು ಬರಿದಾಗಿತ್ತು.

"'ಅಷ್ಟು ಸಲ ಹೇಳಿಕಳಿಸಿದೆನಲ್ಲ, ಯಾಕೆ ಕುಡಿಸಲಿಲ್ಲ?' ಎಂದ.

"'ನಾನು ಒಪ್ಪಿದ್ದೆ ಧಣಿ, ಎದೆ ಒಪ್ಪಲಿಲ್ಲ. ನೆರೆಮನೆಯವರ ಗಂಜಿಯಲ್ಲಿ ಎಷ್ಟು ದಿನ ಹಾಲು ಬಂದೀತು?'

"'ಬಂದ ಆಳುಗಳಿಗೆ ಹೇಳಬಾರದಿತ್ತೆ?'

"'ಅವರು ಹೇಳಿ ಹೋಗಲು ಬಂದವರು. ಕೇಳಿಕೊಂಡು ಹೋಗಲು ಯಾರೂ ನಿಲ್ಲಲಿಲ್ಲ.'

"ವ್ಯಾಪಾರಿ ಸೊಂಟ ಮುಟ್ಟಿ ನೋಡಿಕೊಂಡ. ಹೊರಡುವಾಗ ಕಳ್ಳರ ಭಯಕ್ಕೆ ತಾನೇ ಬೀಗ ಜಡಿದಿದ್ದ ಉಗ್ರಾಣದ ಬೀಗದ ಕೈ ಅಲ್ಲೇ ಇತ್ತು."

ವಾರಿಜಾಕ್ಷಿ, ಹಾಗಾದರೆ ಪ್ರಮಾಣ ಎಷ್ಟಿಡಲಿ ಎಂದು ಮತ್ತೆ ಕೇಳಿದಳು.

ಗುರುಗಳು ಹೇಳಿದರು: "ಬೆಳಗಿನಿಂದ ಹೊರಗೆ ಬೆಂಚಿನ ಮೇಲೆ ಕೂತಿರುವ ಆ ಹೆಂಗಸನ್ನು ಈ ಮೂರು ತಿಂಗಳಲ್ಲಿ ನೀನು ಏನು ಕೇಳಿದೆ?"