ಒರೆಸದ ಕುಂಕುಮ

ಶಿಷ್ಯ ಕೇಳಿದ: "ಗುರುಗಳೇ, ನಾನು ಮಾಡಿದ ತಪ್ಪೊಂದು ಇನ್ನೊಬ್ಬನ ತಲೆಗೆ ಬಂತು. ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ಕಂಡವರಿಗೆಲ್ಲ ಒಳ್ಳೆಯದನ್ನೇ ಮಾಡುತ್ತಿದ್ದೇನೆ. ಅದಕ್ಕೆ ಇದು ಸರಿಹೋಗುವುದಿಲ್ಲವೇ?"

ಗುರುಗಳು ನಕ್ಕರು. "ಹೀಗೆ ಸರಿದೂಗಿಸುವ ಜಾಣತನ ನಿನಗೊಬ್ಬನಿಗೇ ಹೊಳೆದದ್ದಲ್ಲ, ಕೂತುಕೋ" ಎಂದು ಹೇಳತೊಡಗಿದರು.

ಹುಬ್ಬಳ್ಳಿಯ ಕಡೆ ಒಂದು ಕಾರ್ಖಾನೆ. ಅಲ್ಲಿ ಕಂಪ್ಯೂಟರಿನ ಅಂಕಿಗಳನ್ನು ನಂಬಿ ಲೋಹ ಕೊರೆಯುವ ಒಂದು ಸಿಎನ್‌ಸಿ ಯಂತ್ರ. ಬೆಳಗಿನ ಪಾಳಿಗೆ ಒಬ್ಬ ಕೆಲಸಗಾರ, ಮಧ್ಯಾಹ್ನದ ಪಾಳಿಗೆ ಇನ್ನೊಬ್ಬ. ಬೆಳಗಿನವನು ಹಿರಿಯ, ಮಧ್ಯಾಹ್ನದವನಿಗೆ ಕೆಲಸ ಕಲಿಸಿದವನೂ ಅವನೇ.

ಆಯುಧಪೂಜೆಯ ದಿನ ಹಿರಿಯನು ಯಂತ್ರದ ಕಟರುಗಳನ್ನೆಲ್ಲ ಬಿಚ್ಚಿ ದೇವರ ಮುಂದೆ ಸಾಲಾಗಿ ಇಟ್ಟು ಕುಂಕುಮ ಹಚ್ಚಿದ. ಮರುದಿನ ಬೆಳಿಗ್ಗೆ ತಿರುಗಿ ಜೋಡಿಸುವಾಗ ಎರಡು ಕಟರು ಅದಲುಬದಲಾದವು. ಗಿಡ್ಡದರ ಜಾಗದಲ್ಲಿ ಉದ್ದದ್ದು ಕೂತಿತು. ಯಂತ್ರಕ್ಕೇನು ಗೊತ್ತು? ಗಿಡ್ಡದೆಂದೇ ನಂಬಿ ಭರದಿಂದ ಕೆಳಗಿಳಿಸಿತು. ಕಟರು ಲೋಹವನ್ನು ಹಿಡಿದಿದ್ದ ವೈಸಿಗೆ ಬಡಿದು ಮುರಿಯಿತು.

ಪೂಜೆಯ ಮರುದಿನವೇ ಯಂತ್ರ ಬಡಿಯಿತೆಂದರೆ ಅಪಶಕುನ. ಮಾಲೀಕನೆದುರು ಹೇಗೆ ನಿಲ್ಲುವುದು? ಹಿರಿಯನಿಗೆ ನಾಚಿಕೆಯಾಯಿತು, ಭಯವೂ ಆಯಿತು. ಹೊಸ ಕಟರು ಹಾಕಿದ. ವೈಸಿನ ಮೇಲಿನ ಗಾಯವನ್ನು ಅರದಿಂದ ಉಜ್ಜಿ, ಅದರ ಮೇಲೆ ಕುಂಕುಮ ಬಳಿದ. ಪೂಜೆಯ ಕುಂಕುಮವನ್ನು ಆ ಕಾರ್ಖಾನೆಯಲ್ಲಿ ಯಾರೂ ಒರೆಸುತ್ತಿರಲಿಲ್ಲ.

ಆಮೇಲೆ ಕೊರೆದ ರಂಧ್ರಗಳು ಕೂದಲೆಳೆಯಷ್ಟು ಆಚೆ ಬೀಳತೊಡಗಿದವು. ಅವನು ಯಂತ್ರದ ಅಂಕಿಯನ್ನು ಅಷ್ಟೇ ಈಚೆಗೆ ತಿದ್ದಿದ. ಅವನದು ತೆಳು ಪ್ಲೇಟಿನ ಕೆಲಸ. ಎಲ್ಲ ಸರಿಬಂತು. ಸದ್ಯ, ಬದುಕಿದೆ ಎಂದುಕೊಂಡ.

ಮಧ್ಯಾಹ್ನದವನದು ದಪ್ಪ ಗಟ್ಟಿಗಳಲ್ಲಿ ಆಳವಾಗಿ ಕೊರೆಯುವ ಕೆಲಸ. ಮೇಲೆ ಸರಿಯಿದ್ದ ರಂಧ್ರ ತಳಕ್ಕೆ ಬರುವಾಗ ಓರೆ. ಅವನ ಮಾಲು ದಿನವೂ ವಾಪಸು ಬರುತ್ತಿತ್ತು. ಅವನು ಹಿರಿಯನ ಮುಂದೆ ಕೈ ಚಾಚಿ ಕೇಳುತ್ತಿದ್ದ: "ಅಣ್ಣಾ, ನನ್ನ ಕೈ ಯಾಕ ಹಿಂಗಾತು?"

ಹಿರಿಯನು ಅವನಿಗೆ ಚಹಾ ಕುಡಿಸಿದ. ತನ್ನ ಪಾಳಿ ಮುಗಿದ ಮೇಲೂ ನಿಂತು ಅವನ ಬದಲು ಲೋಹದ ಚೂರು ಗುಡಿಸಿದ. ಅವನ ಮಗಳಿಗೆ ಪಾಟಿ, ಪುಸ್ತಕ ತಂದುಕೊಟ್ಟ. ಹೇಳಬೇಕಾದ ಒಂದು ಮಾತನ್ನು ಮಾತ್ರ ಹೇಳಲಿಲ್ಲ.

ಮೂರು ತಿಂಗಳಿಗೆ ಮಾಲೀಕ ಆ ಮಧ್ಯಾಹ್ನದವನನ್ನು ಕೆಲಸದಿಂದ ತೆಗೆದ. ಹೋಗುವಾಗ ಅವನು ತನ್ನ ಸ್ವಂತದ ಅಳತೆಪಟ್ಟಿಯನ್ನು ಹಿರಿಯನ ಕೈಗಿಟ್ಟ. "ಇನ್ನ ನನಗಿದು ಯಾತಕ್ಕಣ್ಣಾ? ನೀ ಇಟ್ಕೋ. ನೀ ನನಗ ಭಾಳ ಮಾಡಿದಿ."

ಅವನ ಜಾಗಕ್ಕೆ ಬಂದವನ ಮಾಲೂ ಓರೆಯೇ ಬಂತು. ಆಗ ರಿಪೇರಿಯವನನ್ನು ಕರೆಸಿದರು. ಹಿರಿಯನು ತಿದ್ದಿದ್ದ ಅಂಕಿಯನ್ನು ಅವನು ಮೊದಲು ಅಳಿಸಿದ. ಆಮೇಲೆ ಮೂಲೆಮಟ್ಟ ನಿಲ್ಲಿಸಿ, ಅದರ ಅಂಚಿಗೆ ಕೂದಲೆಳೆಯ ವ್ಯತ್ಯಾಸವನ್ನೂ ತೋರಿಸುವ ಡಯಲ್ ಗೇಜು ತಾಗಿಸಿ ಮೇಲಿಂದ ಕೆಳಕ್ಕೆ ಓಡಿಸಿದ. ಗೇಜಿನ ಮುಳ್ಳು ಸರಿಯುತ್ತಾ ಹೋಯಿತು. ಕಟರನ್ನು ಹೊತ್ತ ಯಂತ್ರದ ಕಂಬವೇ ವಾಲಿತ್ತು.

"ಇದು ಯಾವಾಗ ಬಡದೈತ್ರಿ?"

"ಬಡದಿಲ್ರೀ" ಎಂದ ಹಿರಿಯ.

ರಿಪೇರಿಯವನು ಹೆಗಲ ಮೇಲಿನ ಬಟ್ಟೆ ತೆಗೆದು ವೈಸಿನತ್ತ ಚಾಚಿ, "ಹಂಗಾರ ಈ ಕುಂಕುಮ ಒರಸ್ಲೇನ್ರಿ?" ಎಂದ.

ಹಿರಿಯನು ಆ ಕೈ ತಡೆದು ಎಲ್ಲವನ್ನೂ ಹೇಳಿದ.

ಕಂಬದ ಬೋಲ್ಟು ಸಡಿಲಿಸಿ, ನೆಟ್ಟಗೆ ನಿಲ್ಲಿಸಿ, ಮತ್ತೆ ಬಿಗಿಯಲು ಅರ್ಧ ದಿನ ಹಿಡಿಯಿತು. ಬರೀ ಅರ್ಧ ದಿನ! ಅಂದೇ ಹೇಳಿದ್ದರೆ ಮಾಲೀಕ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದ. ಈಗಲೂ ಅವನು ಮಾಡಿದ್ದು ಅಷ್ಟೇ. ಬೈದು, "ಹೋಗಿ ಅವನ್ನ ಕರಕೊಂಡ್ ಬಾ" ಎಂದ. ಹಿರಿಯನು ಓಡಿದ. ಬಾಡಿಗೆ ಮನೆಗೆ ಬೀಗ ಬಿದ್ದಿತ್ತು. ಹೆಂಡತಿ, ಮಗಳನ್ನು ಕರೆದುಕೊಂಡು ಅವನು ಊರು ಬಿಟ್ಟಿದ್ದ. ಎಲ್ಲಿಗೆಂದು ನೆರೆಯವರಿಗೂ ತಿಳಿಯದು. ಕೈ ಕೆಟ್ಟವನು ಯಂತ್ರ ಮುಟ್ಟಬಾರದು, ಬೇರೆ ಏನಾದರೂ ಕೂಲಿ ಹುಡುಕುತ್ತೇನೆ ಎಂದು ಹೇಳಿ ಹೋದನಂತೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆಮೇಲಾದರೂ ಸಿಕ್ಕನೇ?" ಎಂದ.

"ಆ ಅಳತೆಪಟ್ಟಿ ಹಿಡಿದುಕೊಂಡು ಹಿರಿಯನು ಇನ್ನೂ ಹುಡುಕುತ್ತಿದ್ದಾನೆ, ನಿನ್ನ ತಪ್ಪು ಹೊತ್ತವನ ಮನೆ ಎಲ್ಲಿದೆಯೆಂದು ನಿನಗೆ ಗೊತ್ತಿದೆಯಲ್ಲ?"