ಹಿಂದಿನ ಸೀಟಿನ ಪ್ಲಾಸ್ಟಿಕ್

"ಅಮ್ಮ, ಮಗು ಹುಟ್ಟಿದ ಮೇಲೂ ಜೋರಾಗಿ ಓಡುವ ಕಾರು ಬೇಕು ಅನ್ನಿಸುವುದು ತಪ್ಪೆ?"

ಕೇಳಿದವನು ಆಶ್ರಮದ ಹೊಸ ಶಿಷ್ಯ. ಮಗಳ ನಾಮಕರಣ ಮುಗಿಸಿ, ಹೆಂಡತಿಯನ್ನೂ ಮಗುವನ್ನೂ ಅತ್ತೆಯ ಮನೆಯಲ್ಲಿ ಬಿಟ್ಟು, ಮನಸ್ಸು ತಿಳಿಯಾಗಲಿ ಎಂದು ಇಲ್ಲಿಗೆ ಬಂದಿದ್ದ. ಬಂದಾಗ ಬೇಸಿಗೆಯ ಬಿಸಿಲು ಸುಡುತ್ತಿತ್ತು. ಈಗ ಅಂಗಳದಲ್ಲಿ ಮಳೆಯ ನೀರು ನಿಂತಿತ್ತು. ಮನಸ್ಸು ಇನ್ನೂ ತಿಳಿಯಾಗಿರಲಿಲ್ಲ.

ಗುರುಗಳು ಜಗಲಿಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವರು ಹಲವು ದೇಶ ಸುತ್ತಿದ ಹೆಂಗಸು. ಶಾಸ್ತ್ರಗಳಲ್ಲಿ ಓದಿದ್ದಕ್ಕಿಂತ ಬಸ್‌ಸ್ಟ್ಯಾಂಡುಗಳಲ್ಲಿ ಕಾಯುತ್ತಾ ಕಲಿತದ್ದನ್ನು ಹೆಚ್ಚು ನಂಬುತ್ತಿದ್ದರು.

"ಎಂಥ ಕಾರು?" ಎಂದು ಕೇಳಿದರು.

"ಈಗ ಇರುವುದು ಎರಡೇ ಸೀಟಿನದು. ಅದನ್ನು ಮಾರಿ, ನಾಲ್ಕು ಸೀಟಿನ ಹಳೆಯದೊಂದನ್ನು ಕೊಳ್ಳಬಹುದು. ಓಟ ಅದೇ, ಸೀಟು ಮಾತ್ರ ಎರಡು ಹೆಚ್ಚು. ಮನೆಯಲ್ಲಿ ಎಲ್ಲರೂ, ದೊಡ್ಡ ಕಾರು ತಗೋ, ಇನ್ನಾದರೂ ಬುದ್ಧಿ ಬರಲಿ ಅನ್ನುತ್ತಾರೆ. ಈ ಆಸೆಯನ್ನು ಬಿಡಬೇಕೋ, ಇಟ್ಟುಕೊಳ್ಳಬೇಕೋ ತಿಳಿಯುತ್ತಿಲ್ಲ. ತಿಳಿಯುವವರೆಗೆ ಇಲ್ಲೇ ಇರೋಣ ಅಂದುಕೊಂಡಿದ್ದೇನೆ."

"ಇರಪ್ಪ, ಅನ್ನಕ್ಕೇನೂ ಕೊರತೆಯಿಲ್ಲ." ಗುರುಗಳು ಬೆಳ್ಳುಳ್ಳಿಯ ಬುಟ್ಟಿಯನ್ನು ಅವನ ಕಡೆಗೆ ತಳ್ಳಿದರು. "ಸುಲಿಯುತ್ತಾ ಕೇಳು."

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೆ ಬೇರೆ ಯಾವ ಚಟವೂ ಇರಲಿಲ್ಲ. ಒಂದು ಕಾರು ಇತ್ತು. ನೆಲಕ್ಕೆ ಅಂಟಿದಂತೆ ತಗ್ಗಾದದ್ದು, ಎರಡು ಸೀಟಿನದು. ಭಾನುವಾರ ಬೆಳಿಗ್ಗೆ ಅಂಗಡಿಗೆ ಬೀಗ. ಆಗ ಅವನು ಆ ಕಾರನ್ನು ಘಟ್ಟದ ರಸ್ತೆಗೆ ಒಯ್ಯುತ್ತಿದ್ದ. ಮೇಲಕ್ಕೆ ಹೋಗಿ ಒಂದು ಲೋಟ ಕಾಫಿ ಕುಡಿದು ಕೆಳಕ್ಕೆ ಬರುತ್ತಿದ್ದ. ಅಷ್ಟೆ. ವಾರವೆಲ್ಲ ಗಜಗಟ್ಟಲೆ ಬಟ್ಟೆ ಅಳೆಯುವವನಿಗೆ ಅದು ಸಾಕಾಗುತ್ತಿತ್ತು.

ಮದುವೆಯಾದ ಮೇಲೆ ಹೆಂಡತಿ ಪಕ್ಕದಲ್ಲಿ ಕೂತಳು. ಮೊದಲ ತಿರುವಿನಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು. ಕೊನೆಯ ತಿರುವು ಮುಗಿದಾಗ, "ಇನ್ನೊಂದ್ಸಲ ಹೋಗೋಣ್ವಾ?" ಎಂದಳು. ವ್ಯಾಪಾರಿಗೆ ತನ್ನ ಅದೃಷ್ಟವನ್ನು ನಂಬಲಾಗಲಿಲ್ಲ.

ಮಗು ಹುಟ್ಟಿತು. ಮೂರನೆಯವರಿಗೆ ಕಾರಿನಲ್ಲಿ ಜಾಗ ಇರಲಿಲ್ಲ. ವ್ಯಾಪಾರಿ ಭಾನುವಾರಗಳಂದು ಮತ್ತೆ ಒಬ್ಬನೇ ಹೋಗತೊಡಗಿದ. ಹೆಂಡತಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕಾರು ಬೀದಿಯ ಕೊನೆಯಲ್ಲಿ ಮರೆಯಾದ ಮೇಲೂ ಅದರ ಸದ್ದು ಸ್ವಲ್ಪ ಹೊತ್ತು ಕೇಳುತ್ತಿತ್ತು. ಅದು ನಿಂತ ಮೇಲೆ ಒಳಗೆ ಹೋಗುತ್ತಿದ್ದಳು.

ವ್ಯಾಪಾರಿಯ ಅಪ್ಪ ಹೇಳಿದ, "ಮಗು ಬಂದಾಯ್ತು, ಇನ್ನೇನು ಓಟ? ದೊಡ್ಡ ಕಾರು ತಗೋ. ನಾವೂ ಕೂತ್ಕೋತೀವಿ." ವ್ಯಾಪಾರಿ ಹೋಗಿ ದೊಡ್ಡ ಕಾರನ್ನು ನೋಡಿ ಬಂದ. ಬೀರುವಿಗೆ ಚಕ್ರ ಹಾಕಿ ನಿಲ್ಲಿಸಿದ ಹಾಗಿತ್ತು. ಅಂದು ಅವನಿಗೆ ಊಟ ಸೇರಲಿಲ್ಲ.

"ಸರಿ, ನನ್ನ ಹುಚ್ಚು ಬಿಟ್ಟುಬಿಡ್ತೀನಿ," ಎಂದ ಹೆಂಡತಿಯ ಹತ್ತಿರ. ಹುತಾತ್ಮನ ದನಿ.

ಹೆಂಡತಿ ಮಗುವಿನ ಬಟ್ಟೆ ಮಡಚುತ್ತಿದ್ದಳು. "ನಿಮಗೆ ಓಡಿಸೋ ಹುಚ್ಚು. ನನಗೆ ಪಕ್ಕದಲ್ಲಿ ಕೂರೋ ಹುಚ್ಚು. ನನ್ನದನ್ನ ಬಿಡಬೇಕೋ ಬೇಡವೋ ಅಂತ ಯಾರೂ ಕೇಳಲೇ ಇಲ್ಲ. ಅದು ತಾನಾಗೇ ಬಿಟ್ಟುಹೋಯ್ತು."

ವ್ಯಾಪಾರಿಗೆ ನಾಚಿಕೆಯಾಯಿತು. ತಾನೂ ಒಂದು ಅಂಗಿ ಮಡಚುತ್ತಾ ಹೇಳಿದ, "ನಾಲ್ಕು ಸೀಟಿಂದೂ ಇರುತ್ತಂತೆ. ಹೊಸದು ನಮಗೆ ಎಟುಕಲ್ಲ. ಹಳೇದು ಸಿಗಬಹುದು."

"ಸಿಗಲಿ. ಆದ್ರೆ ನಾಲ್ಕು ಸೀಟು ಅಂದ್ಮೇಲೆ ನಾಲ್ಕೂ ಸೀಟು ಘಟ್ಟ ಹತ್ತಬೇಕು. ನಿಮ್ಮದೊಂದೇ ಹತ್ತೋದಾದ್ರೆ ಈಗಿರೋದೇ ಸಾಕು."

ವ್ಯಾಪಾರಿ ಒಪ್ಪಿದ. ಒಪ್ಪುವುದು ಸುಲಭವಾಗಿತ್ತು.

ಹಳೆಯ ಕಾರು ಮಾರಿಸುವ ಒಬ್ಬ ದಲ್ಲಾಳಿ ಎರಡು ಕಾರುಗಳನ್ನು ತೋರಿಸಿದ. ಎರಡೂ ಒಂದೇ ಕಂಪನಿಯವು, ಒಂದೇ ವಯಸ್ಸಿನವು, ಬೆಲೆಯೂ ಹೆಚ್ಚು ಕಡಿಮೆ ಒಂದೇ. ಎರಡಕ್ಕೂ ಎರಡೇ ಬಾಗಿಲು. ಮುಂದಿನ ಸೀಟನ್ನು ಮಡಚಿ ಹಿಂದಕ್ಕೆ ನುಸುಳಬೇಕು. ಹಿಂದಿನ ಜಾಗ ಎಷ್ಟು ಕಿರಿದೆಂದರೆ, ಅಲ್ಲಿ ಸುಖವಾಗಿ ಕೂರಬೇಕಾದರೆ ಮಗುವಾಗಿರಬೇಕು, ಇಲ್ಲವೇ ಆ ಮಗುವಿನ ತಾಯಿಯಾಗಿರಬೇಕು.

ಮೊದಲನೆಯದು ಒಬ್ಬ ವೈದ್ಯೆಯದು. ವ್ಯಾಪಾರಿ ಬಾಗಿಲು ತೆರೆದ. ಹಳೆಯ ಹಾಲಿನ ವಾಸನೆ ಬಂತು. ಹಿಂದಿನ ಸೀಟಿನ ಹೊಲಿಗೆಯಲ್ಲಿ ಬಿಸ್ಕತ್ತಿನ ಪುಡಿ ಸೇರಿಕೊಂಡಿತ್ತು. ಮಕ್ಕಳ ಸೀಟನ್ನು ವರ್ಷಾನುಗಟ್ಟಲೆ ಒಂದೇ ಕಡೆ ಕಟ್ಟಿದ್ದರಿಂದ ಚರ್ಮದಲ್ಲಿ ಗುಳಿ ಬಿದ್ದಿತ್ತು. ಗಾಜಿನ ಮೇಲೆ ಮೀನಿನ ಚಿತ್ರವೊಂದನ್ನು ತಲೆಕೆಳಗಾಗಿ ಅಂಟಿಸಿದ್ದರು. ಚಾಲಕನ ಸೀಟಿನ ಬೆನ್ನಿನಲ್ಲಿ ಪುಟ್ಟ ಪಾದಗಳ ಗುರುತು. ಕೆಳಗೆ ಚಿಕ್ಕವು, ಮೇಲಕ್ಕೆ ಹೋದಂತೆ ದೊಡ್ಡವು.

"ಯಾಕೆ ಮಾರ್ತಿದ್ದೀರಿ?" ಎಂದು ವ್ಯಾಪಾರಿ ಕೇಳಿದ. ಹಳೆಯದನ್ನು ಕೊಳ್ಳುವವರೆಲ್ಲ ಕೇಳುವ ಪ್ರಶ್ನೆ.

"ಮಗಳು ಬೆಳೆದಳು. ಅವಳ ಮೊಣಕಾಲು ನನ್ನ ಬೆನ್ನಿಗೆ ಬರುತ್ತೆ. ಒಂದೊಂದು ತಿರುವಿಗೂ ಒಂದೊಂದು ಒದೆ," ಎಂದು ವೈದ್ಯೆ ನಕ್ಕಳು.

"ತೊಳೆಸಿ ಕೊಡ್ತೀರಾ?"

"ನೀವೇ ತೊಳೆಸ್ಕೊಳ್ಳಿ. ನನಗೆ ಮನಸ್ಸು ಬರಲ್ಲ."

ವ್ಯಾಪಾರಿಯ ಮಗು ಗಾಜಿನ ಮೇಲಿದ್ದ ಮೀನನ್ನು ಅಂಗೈಯಿಂದ ತಟ್ಟಿತು. ಕ್ಲಚ್ ಸವೆದಿತ್ತು. ದಲ್ಲಾಳಿ ವ್ಯಾಪಾರಿಯ ಕಿವಿಯಲ್ಲಿ ಹೇಳಿದ, "ಬೇಡ ಸಾರ್. ಇದು ಕಾರಲ್ಲ, ಅಂಗನವಾಡಿ. ಇನ್ನೊಂದಿದೆ, ಮುತ್ತಿನಂಥದ್ದು."

ಎರಡನೆಯದು ಒಬ್ಬ ಗುತ್ತಿಗೆದಾರನದು. ಎಂಜಿನ್ ಗಡಿಯಾರದಂತೆ ನಡೆಯುತ್ತಿತ್ತು. ಚಾಲಕನ ಸೀಟು ಸವೆದು ಹೊಳೆಯುತ್ತಿತ್ತು. ಉಳಿದ ಮೂರು ಸೀಟುಗಳಿಗೆ ಕಾರ್ಖಾನೆಯಲ್ಲಿ ಹೊದಿಸಿದ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ಎಲ್ಲೂ ಹರಿದಿರಲಿಲ್ಲ.

"ನೋಡಿ ಸಾರ್!" ಎಂದ ದಲ್ಲಾಳಿ. "ಹಿಂದೆ ಒಂದು ಕಲೆ ತೋರಿಸಿ, ಇವತ್ತೇ ಈ ಕೆಲಸ ಬಿಡ್ತೀನಿ. ಯಾರಾದ್ರೂ ಕೂತಿದ್ರೆ ತಾನೆ ಕೊಳೆಯಾಗೋದು?"

ವ್ಯಾಪಾರಿ ವ್ಯಾಪಾರಿಯೇ. ಮಡಿಕೆ ಬಿಚ್ಚದ ಸೀರೆಯ ಬೆಲೆ ಅವನಿಗೆ ಗೊತ್ತು. ಸಂತೋಷದಿಂದ ಪ್ಲಾಸ್ಟಿಕ್ಕಿನ ಮೇಲೆ ಕೈ ಸವರಿದ. "ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ!" ಎಂದು ಗುತ್ತಿಗೆದಾರನಿಗೆ ಹೇಳಿದ. ಗುತ್ತಿಗೆದಾರ ಮುಂದಿನ ಸೀಟನ್ನು ಮಡಚಿದ.

"ಯಾಕೆ ಮಾರ್ತಿದ್ದೀರಿ?"

"ಮಗ ಬೆಳೆದ. ಹಿಂದೆ ಅವನ ಕಾಲು ಹಿಡಿಸಲ್ಲ."

ವ್ಯಾಪಾರಿ ಟೈರು ನೋಡಲು ಬಗ್ಗಿದ. ಆ ಹೊತ್ತಿಗೆ ಹೆಂಡತಿ ಮಗುವಿನೊಂದಿಗೆ ಹಿಂದೆ ನುಸುಳಿ ಕೂತಿದ್ದಳು. ಅವಳು ಅಲುಗಿದಾಗಲೆಲ್ಲ ಪ್ಲಾಸ್ಟಿಕ್ ಸದ್ದು ಮಾಡುತ್ತಿತ್ತು. ಒಳಗಿನಿಂದಲೇ ಕೇಳಿದಳು, "ಮತ್ತೆ ಇಷ್ಟು ದಿನ ನಿಮ್ಮ ಮಗ ಎಲ್ಲಿ ಕೂರ್ತಿದ್ದ?"

ಗುತ್ತಿಗೆದಾರ ಮಡಚಿದ ಮುಂದಿನ ಸೀಟಿನ ಮೇಲೆ ಕೈ ಇಟ್ಟ. "ಅವನು ಹುಟ್ಟಿದ ತಿಂಗಳೇ ಈ ಕಾರು ತಗೊಂಡೆ ತಾಯಿ, ಅವನ ಸಲುವಾಗೇ ನಾಲ್ಕು ಸೀಟು. ಕೂಸು ವಾಂತಿ ಮಾಡುತ್ತೆ, ಸ್ವಲ್ಪ ದೊಡ್ಡದಾಗಲಿ ಅಂದ್ಕೊಂಡೆ. ಆಮೇಲೆ ಕೆಸರುಗಾಲಲ್ಲಿ ಹತ್ತೋ ವಯಸ್ಸು ಬಂತು, ಇನ್ನೂ ಸ್ವಲ್ಪ ದೊಡ್ಡವನಾಗಲಿ ಅಂದೆ. ಸೀಟು ಹಾಳು ಮಾಡದಷ್ಟು ಬುದ್ಧಿ ಬರಲಿ ಅಂತ ಕಾದೆ. ಬುದ್ಧಿ ಬಂತು. ಒಂದಿನ ನಾನೇ ಕರೆದೆ, ಬಾರೋ ಹೋಗೋಣ ಅಂತ. ಬಂದ. ಅವನದೇ ಸೀಟು ಅಂತ ಹಿಂದೆ ಕೂತ. ಮೊಣಕಾಲು ಗದ್ದಕ್ಕೆ ಬಂತು. ಪಾಪ, ಏನೂ ಅನ್ನಲಿಲ್ಲ. ಇಳಿದು, ಪರವಾಗಿಲ್ಲ ಅಪ್ಪ, ನೀವು ಹೋಗಿಬನ್ನಿ ಅಂದ."

ದಲ್ಲಾಳಿ ಕೆಮ್ಮಿದ. "ಅದೆಲ್ಲ ಇದ್ದದ್ದೇ ಸಾರ್. ಎಂಜಿನ್ ನೋಡಿ."

ಎಂಜಿನ್ ಚೆನ್ನಾಗಿತ್ತು. ವ್ಯಾಪಾರಿ ಆ ಕಾರನ್ನೇ ಆರಿಸಿದ. ಅದರಲ್ಲಿ ತಪ್ಪೇನೂ ಇಲ್ಲ. ಸವೆದ ಕ್ಲಚ್ಚಿಗಿಂತ ಸವೆಯದ ಕ್ಲಚ್ಚು ಒಳ್ಳೆಯದು. ಹೆಂಡತಿಯೂ ಬೇಡ ಎನ್ನಲಿಲ್ಲ.

ಕಾಗದಪತ್ರ ಮುಗಿದ ದಿನ ಮೂವರೂ ಕಾರು ತರಲು ಹೋದರು. ಗುತ್ತಿಗೆದಾರ ಕೀಲಿ ಕೊಟ್ಟ. ಹೆಂಡತಿ ಹಿಂದೆ ಹತ್ತಲೆಂದು ಸೀಟು ಮಡಚಿ, ಹಾಗೇ ಕೈ ಮುಂದೆ ಮಾಡಿ ಪ್ಲಾಸ್ಟಿಕ್ಕಿನ ಒಂದು ತುದಿಯನ್ನು ಎಳೆದಳು.

"ಸದ್ಯಕ್ಕೆ ಇರಲಿ ಬಿಡೆ," ಎಂದ ವ್ಯಾಪಾರಿ. "ಮಗು ಸ್ವಲ್ಪ ದೊಡ್ಡದಾಗಲಿ."

ಹೆಂಡತಿಯ ಕೈ ನಿಂತಿತು. ಅವಳು ಗಂಡನ ಮುಖ ನೋಡಿದಳು. ಮಗುವನ್ನು ಹೆಗಲ ಮೇಲೆ ಸರಿಮಾಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಭಾನುವಾರಗಳಂದು ಮನೆಯ ಬಾಗಿಲಲ್ಲಿ ಹಾಗೆಯೇ ನಿಲ್ಲುತ್ತಿದ್ದಳು.

ಗುತ್ತಿಗೆದಾರ ಮುಂದೆ ಬಂದ. "ಒಂದ್ನಿಮಿಷ ಜರುಗಿ ಸ್ವಾಮಿ," ಎಂದು ವ್ಯಾಪಾರಿಯನ್ನು ಪಕ್ಕಕ್ಕೆ ಸರಿಸಿದ. ದಪ್ಪ ಮೈಯ ಮನುಷ್ಯ, ಕಷ್ಟಪಟ್ಟು ಹಿಂದಕ್ಕೆ ನುಸುಳಿದ. ಅಲ್ಲಿ ಕೂತು ಎರಡೂ ಕೈಯಿಂದ ಪ್ಲಾಸ್ಟಿಕ್ಕನ್ನು ಹರಿಯತೊಡಗಿದ. ಹಳೆಯ ಪ್ಲಾಸ್ಟಿಕ್, ಚರ್ಮಕ್ಕೆ ಅಂಟಿಕೊಂಡಿತ್ತು. ಚೂರುಚೂರಾಗಿ ಬಂತು. ಮೂಲೆಗಳಿಂದಲೂ, ಮುಂದಿನ ಸೀಟಿನಿಂದಲೂ ಬಿಡದೆ ಕಿತ್ತ.

"ಅಯ್ಯೋ ಸಾರ್, ಏನ್ಮಾಡ್ತಿದ್ದೀರಿ!" ಎಂದು ದಲ್ಲಾಳಿ ಕೂಗಿದ. "ಈ ಬೆಲೆ ಬಂದಿದ್ದೇ ಅದಕ್ಕೆ!"

ಗುತ್ತಿಗೆದಾರ ಹೊರಗೆ ಬಂದ. ಪ್ಲಾಸ್ಟಿಕ್ಕನ್ನೆಲ್ಲ ಮುದ್ದೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡ. "ಕಾರು ನಿಮ್ಮದು," ಎಂದ ವ್ಯಾಪಾರಿಗೆ. "ಇದನ್ನ ಮಾತ್ರ ನಿಮಗೆ ಕೊಡಲ್ಲ." ಅವನ ಮುಖ ಬೆವೆತಿತ್ತು. ಆ ಮುದ್ದೆಯನ್ನು ಹಿಡಿದುಕೊಂಡೇ ಮನೆಯೊಳಗೆ ಹೋದ.

ಹೆಂಡತಿ ಮಗುವಿನೊಂದಿಗೆ ಹಿಂದೆ ಹತ್ತಿದಳು. ಮನೆಯ ದಾರಿ ಎಡಕ್ಕಿತ್ತು. ಘಟ್ಟದ ದಾರಿ ಬಲಕ್ಕೆ. ವ್ಯಾಪಾರಿ ಸ್ವಲ್ಪ ಹೊತ್ತು ಕಾರು ನಿಲ್ಲಿಸಿ ಬಲಕ್ಕೆ ತಿರುಗಿಸಿದ. ಕೂಸು ಹಿಂದಿದೆ ಎಂದು ನಿಧಾನವಾಗಿಯೇ ಹೋದ. ಆದರೂ ಮೊದಲ ತಿರುವಿನಲ್ಲೇ ಮಗು ಹೊಸ ಚರ್ಮದ ಮೇಲೆ ಹಾಲು ಕಕ್ಕಿತು. ಕನ್ನಡಿಯಲ್ಲಿ ಅವನಿಗೆ ಎಲ್ಲವೂ ಕಂಡಿತು. ಕಾಲು ತಾನಾಗಿಯೇ ಬ್ರೇಕಿನ ಕಡೆ ಹೋಯಿತು.

"ಏನಾಗಿಲ್ಲ, ನಗ್ತಾ ಇದೆ," ಎಂದಳು ಹೆಂಡತಿ ತನ್ನ ಸೆರಗಿನಿಂದ ಮಗುವಿನ ಬಾಯಿ ಒರೆಸುತ್ತಾ. "ಹೋಗೋಣ."

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿ ಸಿಪ್ಪೆಯನ್ನು ಅಂಗಳಕ್ಕೆ ಊದಿದರು.

ಶಿಷ್ಯ ಬೆಳ್ಳುಳ್ಳಿ ಸುಲಿಯುವುದನ್ನು ಯಾವಾಗಲೋ ನಿಲ್ಲಿಸಿದ್ದ. "ನಿಲ್ಲಿಸಿದನೇ, ಮುಂದೆ ಹೋದನೇ?" ಎಂದು ಕೇಳಿದ.

"ಘಟ್ಟದ ಮೇಲೆ ಅವತ್ತು ಕಾಫಿಯ ಜೊತೆ ಒಂದು ಲೋಟ ಬಿಸಿನೀರನ್ನೂ ಕೇಳಿದನಂತೆ, ಹಾಲಿನ ಬಾಟಲಿ ತೊಳೆಯಲು."

ಶಿಷ್ಯ ತಲೆದೂಗಿದ. ಕತೆಯನ್ನು ಮನಸ್ಸಿನಲ್ಲಿ ತಿರುವಿಹಾಕಿದ. "ಹಾಗಾದರೆ ಆಸೆ ಇದ್ದರೆ ತಪ್ಪಿಲ್ಲ, ಅದರಲ್ಲಿ ಅವರಿಗೂ ಜಾಗ ಇರಬೇಕು. ಇದು ಅರ್ಥವಾಯಿತು ಅಮ್ಮ. ಆದರೂ ಇದು ದೊಡ್ಡ ವಿಷಯ. ಅವಸರ ಮಾಡಬಾರದು. ಮಳೆಗಾಲ ಮುಗಿಯುವವರೆಗೆ ಇಲ್ಲೇ ಇದ್ದು ಇನ್ನಷ್ಟು ಯೋಚಿಸಿ, ಮನಸ್ಸು ಪೂರ್ತಿ ತಿಳಿಯಾದ ಮೇಲೆ ಹೋಗುತ್ತೇನೆ."

"ಆಗಲಿ," ಎಂದರು ಗುರುಗಳು. ಬುಟ್ಟಿಯನ್ನು ಎತ್ತಿಕೊಂಡು ಎದ್ದರು. ಅಡುಗೆಮನೆಯ ಹೊಸ್ತಿಲಲ್ಲಿ ತಿರುಗಿ ಕೇಳಿದರು, "ಅಂದಹಾಗೆ, ನಿನ್ನ ಮಗಳು ಎಷ್ಟು ಉದ್ದ ಇದ್ದಾಳೆ?"

ಶಿಷ್ಯನ ಮುಖ ಅರಳಿತು. ಎರಡೂ ಕೈಯನ್ನು ಮುಂದೆ ಚಾಚಿ, ಅಂಗೈಗಳ ನಡುವೆ ಒಂದು ಕೂಸು ಮಲಗುವಷ್ಟು ಜಾಗ ಬಿಟ್ಟು ತೋರಿಸಿದ. "ಇಷ್ಟು!"

ಗುರುಗಳು ಆ ಕೈಗಳ ನಡುವಿನ ಜಾಗವನ್ನು ನೋಡಿ ಹೇಳಿದರು, "ಅದು ನೀನು ಇಲ್ಲಿಗೆ ಬಂದ ದಿನದ ಅಳತೆ."