ಸಂಜೆಯ ಕನ್ನಡ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಹೊರದೇಶದ ಕಾಲೇಜೊಂದರಲ್ಲಿ ಹೊಸದಾಗಿ ಓದಲು ಬರುವ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿದೆ. ಅವರಿಗೆ ಎಲ್ಲಿಯವರೆಗೆ ನೆರವಾಗಬೇಕು?”

ಗುರು ಹೇಳಿದರು:

ಅಂಥದೇ ಕೆಲಸದಲ್ಲಿ ಒಬ್ಬ ಹೆಂಗಸಿದ್ದಳು. ಹೈಸ್ಕೂಲು ಮುಗಿಸಿ ನಾನಾ ದೇಶಗಳಿಂದ ಬರುವ ಮಕ್ಕಳಿಗೆ ಕೋಣೆ ತೋರಿಸುವುದು, ಅರ್ಜಿ ತುಂಬಿಸುವುದು, ತರಗತಿಗೆ ಕರೆದೊಯ್ಯುವುದು ಅವಳ ಪಾಲಿನದು. ಅವಳು ಕನ್ನಡನಾಡು ಬಿಟ್ಟು ಆ ಕಾಲೇಜಿನ ಊರಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ಕನ್ನಡದಲ್ಲಿ ಮಾತನಾಡಲು ಅವಳಿಗೆ ಯಾರೂ ಇರಲಿಲ್ಲ.

ಒಂದು ವರ್ಷ ಅವಳ ಸೀಮೆಯಿಂದಲೇ ಒಬ್ಬ ಹುಡುಗಿ ಬಂದಳು. ಕಾಗದಗಳನ್ನು ಜೋಡಿಸುತ್ತ ತನ್ನಷ್ಟಕ್ಕೆ ಏನೋ ಗೊಣಗಿಕೊಂಡಳು. ಗೊಣಗಿದ್ದು ಕನ್ನಡ. ಹೆಂಗಸಿನ ಕಣ್ಣು ತುಂಬಿತು.

ಅಂದಿನಿಂದ ಹುಡುಗಿ ದಿನವೂ ಸಂಜೆ ಅವಳ ಮನೆಗೆ ಬರತೊಡಗಿದಳು. ಇಬ್ಬರೂ ರೊಟ್ಟಿ ತಟ್ಟಿದರು. ಮರೆತುಹೋಗಿದ್ದ ಮಾತುಗಳನ್ನು ನೆನಪು ಮಾಡಿಕೊಂಡು ನಕ್ಕರು. ಹೆಂಗಸು ಮಧ್ಯಾಹ್ನದಿಂದಲೇ ಸಂಜೆಗಾಗಿ ಕಾಯುತ್ತಿದ್ದಳು.

ನಾಲ್ಕು ತಿಂಗಳ ಮೇಲೆ ಮೇಷ್ಟರೊಬ್ಬರು ಬಂದು, “ಆ ಹುಡುಗಿ ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲ. ಒಬ್ಬ ಗೆಳತಿಯೂ ಇಲ್ಲ. ಹೀಗೇ ಆದರೆ ಓದು ಬಿಟ್ಟು ಮರಳಬೇಕಾಗುತ್ತದೆ,” ಎಂದರು.

ಹೆಂಗಸು ಹುಡುಗಿಯನ್ನು ವಿಚಾರಿಸಿದಳು.

“ಅಲ್ಲಿ ಮಾತಾಡದಿದ್ದರೆ ಏನಂತೆ, ಚಿಕ್ಕಮ್ಮ? ಸಂಜೆ ಇಲ್ಲಿಗೆ ಬಂದು ಮಾತಾಡುತ್ತೇನಲ್ಲ.”

ಅಂದು ರಾತ್ರಿ ಹೆಂಗಸು ಒಬ್ಬಳೇ ಪಾತ್ರೆ ತೊಳೆದಳು. ತಾನು ಉಪಕಾರ ಎಂದುಕೊಂಡದ್ದರಲ್ಲಿ ತನ್ನ ಆಸೆಯೇ ಹೆಚ್ಚಿತ್ತು ಎಂದು ಅವಳಿಗೆ ಹೊಳೆಯಿತು.

ಮರುದಿನ ಹುಡುಗಿ ಬಂದಾಗ ಅವಳು ಆ ದೇಶದ ಭಾಷೆಯಲ್ಲಿ ಮಾತನಾಡಿಸಿದಳು. ಹುಡುಗಿ ತಮಾಷೆಯೆಂದು ನಕ್ಕಳು. ಆಮೇಲೆ ಕನ್ನಡದಲ್ಲೇ ಮಾತಾಡಿ ಎಂದು ಬೇಡಿಕೊಂಡಳು. ಹೆಂಗಸು ಬಡಿಸಿದಳು, ತಲೆ ಸವರಿದಳು. ಕನ್ನಡ ಮಾತ್ರ ಆಡಲಿಲ್ಲ. ಹುಡುಗಿ ತಟ್ಟೆ ಬಿಟ್ಟು ಎದ್ದು ಹೋದಳು. ಮತ್ತೆ ಆ ಮನೆಗೆ ಬರಲಿಲ್ಲ.

ಸಿಟ್ಟಿನಲ್ಲೇ ಅವಳು ಊಟದ ಹೊತ್ತಿಗೆ ಬೇರೆಯವರ ಪಕ್ಕ ಕುಳಿತಳು. ತಪ್ಪುತಪ್ಪಾಗಿ ಮಾತನಾಡಿದಳು. ಕ್ರಮೇಣ ತರಗತಿಯಲ್ಲಿ ಪ್ರಶ್ನೆ ಕೇಳಿದಳು. ಪದವಿ ಪಡೆದ ದಿನ ಗೆಳತಿಯರ ಗುಂಪಿನಿಂದ ಹೊರಬಂದು ಹೆಂಗಸಿನ ಕೈ ಹಿಡಿದು, ನಿಮ್ಮಿಂದ ನಾನು ಉಳಿದೆ ಎಂದಳು. ಅದನ್ನು ಆ ದೇಶದ ಭಾಷೆಯಲ್ಲಿ ಹೇಳಿದಳು. ಹೆಂಗಸೂ ಅದೇ ಭಾಷೆಯಲ್ಲಿ ಹರಸಿದಳು. ಮನೆಗೆ ಬಂದು ಒಬ್ಬಳೇ ರೊಟ್ಟಿ ತಟ್ಟಿದಳು.

ಆ ಹುಡುಗಿಯ ಹಿಂದೆಯೇ ಅವಳ ಸೀಮೆಯಿಂದ ವರ್ಷಕ್ಕೆ ಒಬ್ಬರೋ ಇಬ್ಬರೋ ಓದಲು ಬರತೊಡಗಿದರು.

ಶಿಷ್ಯ ಕೇಳಿದ: “ಹಾಗಾದರೆ ಆ ತಾಯಿ ಮತ್ತೆ ಕನ್ನಡ ಆಡಲೇ ಇಲ್ಲವೇ?”

ಗುರು ಹೇಳಿದರು: “ಆಡುತ್ತಾಳೆ, ಹೊಸಬರು ಬಂದಿಳಿದ ದಿನ, ಅವರನ್ನು ಕೋಣೆಯ ಬಾಗಿಲಿಗೆ ಮುಟ್ಟಿಸುವವರೆಗೆ.”